ಫೋನಿನೊಳಗಿನ ಟೀಚರಿಗೆ ಊಟ ಆಯ್ತಾ?

ನಮ್ಮ ಅತ್ತಿಗೆ ಮೊಬೈಲಿನಲ್ಲಿ ಗೇಮ್ ಆಡುವ ಮೊದಲು ನೈಟಿ ಬದಲಿಸಿ ಸೀರೆ ಉಡುತ್ತಾರೆ. ನಂಬಿಕೆ ಬರುವುದಿಲ್ಲ ಅಲ್ವಾ? ಹಿರಿಯಡ್ಕಕ್ಕೆ ಬಂದು ನೋಡಿ!

ಗೇಮ್ ಎಂದರೆ ಬಂದೂಕಿನದ್ದಲ್ಲ, ಇಂಗ್ಲಿಷ್ ಕಲಿಸುವಂಥದ್ದು. ಅದರೊಳಗೆ ಕನ್ನಡಕದ ಟೀಚರ್ ಒಬ್ಬಳಿದ್ದಾಳೆ. ಮಗುವಿನ ತಾಯಿಯಾಗಿ ಅವಳೊಡನೆ ಮಾತಾಡಬೇಕು, ಸರಿಯಾಗಿ ಆಡಿದರೆ ಸ್ಟಾರ್.

"ಅವಳಿಗೆ ನೀವು ಕಾಣುವುದಿಲ್ಲ ಅತ್ತಿಗೆ," ಎಂದೆ.

"ನನಗೆ ಅವರು ಕಾಣ್ತಾರಲ್ಲ ಮಾರಾಯ! ನೈಟಿಯಲ್ಲಿ ಟೀಚರ್ ಎದುರು ಕೂತುಕೊಳ್ಳುವುದಾ?"

ಸೀರೆಗೇನೂ ಸ್ಟಾರ್ ಇಲ್ಲ. ಬಾಯಿ ತೆರೆದರೆ ಇದ್ದ ಸ್ಟಾರೂ ಹೋಗುತ್ತದೆ. ಟೀಚರ್ "ಗುಡ್ ಆಫ್ಟರ್‌ನೂನ್" ಅಂದ ಕೂಡಲೇ ಇವರು, "ಮೀಲ್ಸ್ ಫಿನಿಶ್, ಟೀಚರ್?" 'ಇದು ಪಾಠದಲ್ಲಿಲ್ಲ, ಮತ್ತೆ ಪ್ರಯತ್ನಿಸಿ' ಎಂದು ಬರುತ್ತದೆ. ಇವರು ಪ್ರಯತ್ನಿಸುತ್ತಾರೆ, ಅದನ್ನೇ, ಇನ್ನೂ ಜೋರಾಗಿ! ಊಟ ಆಯ್ತಾ ಎಂದು ಕೇಳದೆ ಕೆಲಸದ ಮಾತು ತೆಗೆಯುವುದು ಯಾವ ಊರಿನ ಮರ್ಯಾದೆ? ನಾನು ನಕ್ಕು ನಕ್ಕು ಅವರ ಹೊಲಿಗೆ ಮೆಷಿನ್ ಮೇಲೆ ಬಿದ್ದದ್ದುಂಟು.

ವಿಷಯ ಮಾತ್ರ ನಗುವಂಥದ್ದಲ್ಲ. ಅವರ ಮಗಳಿಗೆ ಬಲಗಿವಿ ಕೇಳಿಸುವುದಿಲ್ಲ, ಶಾಲೆಯಲ್ಲಿ ಹಿಂದಿನ ಬೆಂಚು. ಕ್ಲಾಸ್ ಟೀಚರ್ ಹೊರರಾಜ್ಯದವರು, ಕನ್ನಡ ಬಾರದು. ಕಳೆದ ಸಲ ಪೋಷಕರ ಮೀಟಿಂಗಿಗೆ ಹೋದ ಅತ್ತಿಗೆ ಎಲ್ಲದಕ್ಕೂ "ಯೆಸ್ ಮೇಡಂ" ಎಂದು ತಲೆಯಾಡಿಸಿ ಬಂದರು. ಮಗಳು ಹಿಂದಿನ ಬೆಂಚಿನಲ್ಲೇ ಉಳಿದಳು.

ಈ ಸಲ ಉಡುಪಿಯ ಆ ಶಾಲೆಗೆ ನಾನೂ ಜೊತೆಗೆ ಹೋದೆ. ನಮ್ಮ ಸರದಿ ಬಂದಾಗ ಮಧ್ಯಾಹ್ನ ಎರಡು ಗಂಟೆ. ಅತ್ತಿಗೆ ಕೂತು ಸೆರಗು ಸರಿಮಾಡಿಕೊಂಡರು.

"ಮೀಲ್ಸ್ ಫಿನಿಶ್, ಟೀಚರ್?"

ದೇವರೇ! ನಾನು ನೆಲ ನೋಡಿದೆ.

ಟೀಚರ್ ಪೆನ್ನು ಕೆಳಗಿಟ್ಟರು. "ನೋ," ಎಂದು ನಕ್ಕರು. "ನೋಬಡಿ ಆಸ್ಕ್ಡ್."

ಆಮೇಲೆ ಅತ್ತಿಗೆ ಒಂಚೂರೂ ತಡವರಿಸದೆ ಹೇಳಿದರು: "ಮೈ ಡಾಟರ್, ರೈಟ್ ಇಯರ್, ನೋ ಹಿಯರಿಂಗ್. ಫಸ್ಟ್ ಬೆಂಚ್, ಪ್ಲೀಸ್." ಟೀಚರ್ ತಕ್ಷಣ ಬರೆದುಕೊಂಡರು. ನಾಳೆಯಿಂದಲೇ ಮುಂದಿನ ಬೆಂಚು ಎಂದರು.

ಬಸ್ಸಿನಲ್ಲಿ ನಾನು ಕೇಳಿದೆ. "ಇಷ್ಟಕ್ಕೆ ಗೇಮ್ ಎಂತಕ್ಕೆ ಅತ್ತಿಗೆ? ನಾನು ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದಿದವ. ನನ್ನ ಹತ್ತಿರ ಹೇಳಿದ್ದರೆ ಕಲಿಸುತ್ತಿರಲಿಲ್ವಾ?"

"ನೀನು ನಗಾಡ್ತಿ ಮಾರಾಯ," ಎಂದರು ಅತ್ತಿಗೆ, ಕಿಟಕಿಯ ಹೊರಗೆ ನೋಡುತ್ತ. "ಫೋನಿನ ಆ ಟೀಚರ್ ಒಂದು ದಿನವೂ ನಗಾಡಲಿಲ್ಲ."

ನನಗೆ ನಾಚಿಕೆಯಾಯಿತು. ಹಿರಿಯಡ್ಕದಲ್ಲಿ ಇಳಿಯುವಾಗ ಕೇಳಿದೆ, "ಅತ್ತಿಗೆ, ನಿಮ್ಮದು ಊಟ ಆಯ್ತಾ?"

ಹೆದರಿಕೆಯಲ್ಲಿ ಅವರು ಬೆಳಿಗ್ಗಿನಿಂದ ಒಂದು ಲೋಟ ಚಾ ಕೂಡ ಕುಡಿದಿರಲಿಲ್ಲ.