ಊರವರ ಇಪ್ಪತ್ತೇಳು ಕಣ್ಣು ಮತ್ತು ನಮ್ಮತ್ತೆ

ನಮ್ಮತ್ತೆ ಈವರೆಗೆ ಊರವರ ಇಪ್ಪತ್ತೇಳು ಕಣ್ಣುಗಳಿಗೆ ಆಪರೇಷನ್ ಮಾಡಿಸಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ಬೇಜಾರಿಲ್ಲ. ಅವರು ಡಾಕ್ಟರಲ್ಲ, ನರ್ಸಲ್ಲ, ಸಮಾಜಸೇವಕಿಯಂತೂ ಅಲ್ಲವೇ ಅಲ್ಲ. ಸೂರತ್ತಿನ ಕತಾರ್‌ಗಾಮಿನಲ್ಲಿ ವಜ್ರ ಉಜ್ಜುವ ಕಾರ್ಖಾನೆಗಳ ನಡುವೆ ಇಡ್ಲಿ ದೋಸೆ ಮಾರುವ ಪುಟ್ಟ ಹೋಟೆಲೊಂದರ ಯಜಮಾನ್ತಿ, ಅಲ್ಲಿಯವರಿಗೆಲ್ಲ 'ಮಾಸಿ', ಅಂದರೆ ಚಿಕ್ಕಮ್ಮ. ಉಡುಪಿ ಕಡೆಯವರು, ಓದಿದ್ದು ಏಳನೆಯ ಕ್ಲಾಸು. ಆದರೆ ಕಣ್ಣಿನ ಪೊರೆಯ ವಿಷಯ ಎತ್ತಿ ನೋಡಿ! ನಿಮ್ಮ ಮುಂದಿನ ಕಾಫಿ ಆರಿ ತಣ್ಣಗಾಗುತ್ತದೆ, ಅತ್ತೆಯ ಮಾತು ಮುಗಿಯುವುದಿಲ್ಲ.

ಅದೇಕೆ ಇಪ್ಪತ್ತೇಳು, ಕಣ್ಣು ಜೋಡಿಯಲ್ಲಿ ಇರುವುದಲ್ಲವೇ ಎಂದು ನೀವು ಕೇಳಬಹುದು. ವಡೋದರಾದ ಫತೇಗಂಜಿನಲ್ಲಿ ಹಾಸ್ಟೆಲ್ ಹುಡುಗರಿಗೆ ಮಸಾಲೆದೋಸೆ ಹಾಕುವ ಅತ್ತೆಯ ಅಣ್ಣ ಒಂದು ಕಣ್ಣಿಗೆ ಮಾಡಿಸಿಕೊಂಡು, "ಕಾವಲಿ ಒಂದೇ ಇರುವಾಗ ಕಣ್ಣು ಎರಡೆಂತಕ್ಕೆ?" ಎಂದು ಮನೆಗೆ ಹೋಗಿಬಿಟ್ಟರು. ಈ ಮಾತಿಗೆ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆ ಮಾತ್ರ ನಗಲಿಲ್ಲ. ಎರಡು ತಿಂಗಳು ಒಡಹುಟ್ಟಿದ ಅಣ್ಣನ ಫೋನು ಎತ್ತಲಿಲ್ಲ. ಉಳಿದ ಎಲ್ಲ ಮೂರ್ಖತನಕ್ಕೂ ಅವರಲ್ಲಿ ಕ್ಷಮೆಯಿದೆ, ಒಂದು ಕಣ್ಣು ಸಾಕು ಎನ್ನುವವರಿಗೆ ಇಲ್ಲ. ಆಗ ಅದು ನನಗೆ ಹಟಮಾರಿತನ ಅನ್ನಿಸಿತ್ತು.

ಅತ್ತೆ ಈ ಕೆಲಸಕ್ಕೆ ಇಳಿದದ್ದಕ್ಕೆ ಒಂದು ಸಿದ್ಧಾಂತವಿದೆ. ಡಾಕ್ಟರು ಎಲ್ಲ ವಿವರಿಸಿ, "ಏನಾದರೂ ಕೇಳುವುದಿದೆಯಾ?" ಎಂದಾಗ ನಮ್ಮ ಜನ ಏನು ಮಾಡುತ್ತಾರೆ? ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸುತ್ತಾರೆ. ಹೊರಗೆ ಬಂದ ಮೇಲೆ ಶುರು! ಕಣ್ಣು ಹೊರಗೆ ತೆಗೆದು ತೊಳೆದು ಮತ್ತೆ ಒಳಗಿಡುತ್ತಾರಾ ಎಂದು ವಾಚ್‌ಮನ್ನನನ್ನು ಕೇಳುತ್ತಾರೆ. ಪೊರೆ ಪೂರ್ತಿ ಹಣ್ಣಾಗುವ ತನಕ ಕಾಯಬೇಕಾ ಎಂದು ಔಷಧಿ ಅಂಗಡಿಯವನನ್ನು ಕೇಳುತ್ತಾರೆ. ನೋವಾಗುತ್ತಾ ಎಂದು ಆಟೋದವನನ್ನು ಕೇಳುತ್ತಾರೆ. ಆಟೋದವನು ಪಾಪ, ಒಳ್ಳೆಯ ಮನುಷ್ಯ, ಗೊತ್ತಿಲ್ಲ ಎಂದು ಹೇಳಿ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಅವನ ಉತ್ತರ ಕೇಳಿದವರು ಮೂರು ವರ್ಷ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ.

"ಡಾಕ್ಟ್ರ ಎದುರು ಬಾಯಿಗೆ ಬೀಗ, ಆಟೋದವನ ಎದುರು ಹರಿಕಥೆ! ಎಂತ ಜನ ಮಾರಾಯ್ತಿ!" ಎಂದು ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಹಾಗಾಗಿ ಅವರದ್ದೊಂದು ಪದ್ಧತಿ. ಯಾರಿಗಾದರೂ ಪೊರೆ ಎಂದು ಗೊತ್ತಾದರೆ ಸಾಕು, ಮಧ್ಯಾಹ್ನ ಹೋಟೆಲಿನ ಗದ್ದಲ ಇಳಿದ ಮೇಲೆ ನಾಲ್ಕು ಗೋಳಿಬಜೆ ಕಟ್ಟಿಕೊಂಡು ಅವರ ಮನೆಗೆ ಹೋಗುವುದು. ಬ್ಯಾಂಕಿನಿಂದ ವರ್ಗವಾಗಿ ಬಂದವರ ತಾಯಿ ಇರಲಿ, ರೈಲ್ವೆಯವರ ಮಾವ ಇರಲಿ, ಪಕ್ಕದ ಬೀದಿಯ ಗುಜರಾತಿ ಅಜ್ಜಿ ಇರಲಿ. ಗೋಳಿಬಜೆ ತಿನ್ನಿಸುತ್ತಾ ಹೊಟ್ಟೆಯೊಳಗಿನ ಪ್ರಶ್ನೆಗಳನ್ನೆಲ್ಲ ಹೊರಗೆಳೆದು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಳ್ಳುವುದು. ಮರುದಿನ ರೋಗಿಯ ಜೊತೆಗೆ ಡಾಕ್ಟರ ಕೋಣೆಗೆ ನುಗ್ಗಿ ಒಂದೊಂದಾಗಿ ಕೇಳುವುದು. ಇಲ್ಲೊಂದು ಸೂಕ್ಷ್ಮವಿದೆ. ಎಲ್ಲ ಪ್ರಶ್ನೆಗಳನ್ನೂ ಅವರು ತಮ್ಮ ಹೆಸರಿನಲ್ಲೇ ಕೇಳುತ್ತಾರೆ. ರೋಗಿಯ ಮರ್ಯಾದೆ ಹೋಗಬಾರದಲ್ಲ!

"ಡಾಕ್ಟ್ರೇ, ನಾನು ದಿನಕ್ಕೆ ಆರು ಸಲ ನಶ್ಯ ಹಾಕ್ತೇನೆ. ಆಪರೇಷನ್ ಆದ ಮೇಲೆ ಸೀನಿದ್ರೆ ಒಳಗಿನ ಲೆನ್ಸು ಹೊರಗೆ ಹಾರ್ತದಾ?"

"ಹಾರುವುದಿಲ್ಲ ಮಾಸಿ. ಆದರೆ ಕೆಲವು ದಿನ ನಶ್ಯ ಬಿಡಿ."

"ಬಿಡ್ತೇನೆ. ಮತ್ತೆ ನನಗೆ ಮಲಬದ್ಧತೆ ಉಂಟು. ತಿಣುಕಬಹುದಾ?"

"ತಿಣುಕಬೇಡಿ. ನೀರು ಜಾಸ್ತಿ ಕುಡಿಯಿರಿ."

ಪಕ್ಕದಲ್ಲಿ ಕೂತ ನಶ್ಯದ ಅಜ್ಜ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಫ್ಯಾನು ನೋಡುತ್ತಾ, ಕಿವಿ ಮಾತ್ರ ನೆಟ್ಟಗೆ ಮಾಡಿಕೊಂಡು ಕೂತಿರುತ್ತಿದ್ದರು! ಹೀಗೆ ಆರು ವರ್ಷದಲ್ಲಿ ಅತ್ತೆ ಆ ಕೋಣೆಯಲ್ಲಿ ಒಪ್ಪಿಕೊಂಡ ಕಾಯಿಲೆಗಳಿಗೆ ಮಿತಿಯೇ ಇಲ್ಲ. ಸಕ್ಕರೆ, ಗೊರಕೆ, ಕೆಮ್ಮು, ಬೀಡಿ. ಒಂದು ದೀಪಾವಳಿಗೆ ರಿಸೆಪ್ಷನ್ನಿನ ಹುಡುಗಿ ಅತ್ತೆಯ ಮೇಲೆ ಕನಿಕರಪಟ್ಟು ಮಿಠಾಯಿಯ ಬದಲು ಮಲಬದ್ಧತೆಗೆಂದು ದೊಡ್ಡ ಡಬ್ಬ ಇಸಬ್‌ಗೋಲ್ ಉಡುಗೊರೆ ಕೊಟ್ಟಳು. ಅತ್ತೆ ಮುಖ ಕೆಡಿಸಿಕೊಳ್ಳದೆ, ಎರಡೂ ಕೈಯಲ್ಲಿ ತೆಗೆದುಕೊಂಡು ಅವಳನ್ನು ಹರಸಿ ಬಂದರು. ಅದು ನೇರ ನಶ್ಯದ ಅಜ್ಜನ ಮನೆ ಸೇರಿತು.

ಪಥ್ಯದ ವಿಷಯದಲ್ಲಿ ಅತ್ತೆಗೂ ಡಾಕ್ಟರಿಗೂ ದೊಡ್ಡ ಯುದ್ಧವೇ ನಡೆದಿದೆ. ಬದನೆಕಾಯಿ ನಂಜು, ಕೆಸು ನಂಜು, ತಿಂದರೆ ಕಣ್ಣಿನಲ್ಲಿ ಕೀವಾಗುತ್ತದೆ ಎಂಬುದು ಅತ್ತೆಯ ತವರಿನ ನಂಬಿಕೆ. ಹಾಗೇನಿಲ್ಲ, ಮಾಮೂಲಿ ಊಟ ಮಾಡಿ ಎನ್ನುವುದು ಡಾಕ್ಟರ ವಾದ. "ಹಾಗಾದ್ರೆ ಕೆಸುವಿನ ಎಲೆಯ ಪತ್ರೊಡೆ ತಿನ್ನಬಹುದಾ?" ಎಂದು ಅತ್ತೆ ಸವಾಲು ಹಾಕಿದರು. ಡಾಕ್ಟರು ಅದೇನೆಂದು ಕೇಳಿದಾಗ, ಮರುದಿನ ಮಾಡಿ ತಂದೇ ತೋರಿಸಿದರು. "ಅರೆ, ಇದು ನಮ್ಮ ಗುಜರಾತಿನ 'ಪಾತ್ರಾ' ತಿಂಡಿ!" ಎಂದು ಅವರು ಐದು ತುಂಡು ತಿಂದು, ಬೆರಳು ಒರೆಸಿಕೊಂಡು, "ತಿನ್ನಬಹುದು ಮಾಸಿ" ಎಂದು ತೀರ್ಪು ಕೊಟ್ಟರು. ತವರಿನ ನಂಬಿಕೆ ಅಂದಿಗೆ ಮುಗಿಯಿತು. ಆಮೇಲೆ ಯಾರಾದರೂ ನಂಜು ಎಂದರೆ ಅತ್ತೆ, "ಡಾಕ್ಟ್ರೇ ತಿಂದಿದ್ದಾರೆ, ನೀವೆಂತ ಹೇಳುದು?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಎಲ್ಲವೂ ಗೆಲುವಲ್ಲ. ಅಹಮದಾಬಾದಿನಲ್ಲಿರುವ ನನ್ನ ಗಂಡನ ಚಿಕ್ಕಪ್ಪ ಆಪರೇಷನ್ ಮಾಡಿಸಿಕೊಂಡದ್ದು ಉತ್ತರಾಯಣಕ್ಕೆ, ಅಂದರೆ ನಮ್ಮ ಸಂಕ್ರಾಂತಿಗೆ, ಸ್ವಲ್ಪ ಮೊದಲು. ಗುಜರಾತಿನಲ್ಲಿ ಅಂದು ಮನುಷ್ಯರೆಲ್ಲ ಮಾಳಿಗೆಯ ಮೇಲಿರುತ್ತಾರೆ, ಗಾಳಿಪಟ ಆಕಾಶದಲ್ಲಿ, ಗಾಜಿನ ಪುಡಿ ಮೆತ್ತಿದ ಮಾಂಜಾ ದಾರ ಎಲ್ಲರ ಕುತ್ತಿಗೆಯ ಸುತ್ತ. ಅತ್ತೆ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದರು: "ಮೇಲೆ ಹತ್ಲಿಕ್ಕಿಲ್ಲ! ಹತ್ತಿದ್ರೂ ಕಣ್ಣಿಗೆ ಏನಾದ್ರೂ ಅಡ್ಡ ಇಲ್ಲದೆ ಹತ್ಲಿಕ್ಕಿಲ್ಲ!" ಚಿಕ್ಕಪ್ಪ ವಿಧೇಯರು. ಸಂಜೆ ಬಂದ ಫೋಟೋದಲ್ಲಿ ಪಂಚೆ, ಬನಿಯನ್ನು, ತಲೆಗೆ ಸ್ಕೂಟರ್ ಹೆಲ್ಮೆಟ್ಟು ಹಾಕಿಕೊಂಡು ಮಾಳಿಗೆಯ ಮಧ್ಯೆ ದಾರದ ಚರಕಿ ಹಿಡಿದು ನಿಂತಿದ್ದರು. ಅತ್ತೆ ಮೂರು ದಿನ ಬೈದರು. ನಾಲ್ಕನೆಯ ದಿನ ಆ ಫೋಟೋವನ್ನೇ ಮುಂದಿನ ರೋಗಿಗೆ ತೋರಿಸಿ, "ನೋಡಿ, ಹದಿನೈದು ದಿನ ಆಗುವ ಮೊದಲೇ ಗಾಳಿಪಟ ಕಾಣ್ತದೆ!" ಎಂದು ಧೈರ್ಯ ತುಂಬಿದರು.

ಇಷ್ಟೆಲ್ಲ ಮಾಡುವ ಅತ್ತೆ ತಮ್ಮ ಕಣ್ಣನ್ನು ಮಾತ್ರ ಯಾರಿಗೂ ತೋರಿಸಿರಲಿಲ್ಲ. "ನನ್ನದು ಸರಿ ಉಂಟು" ಎಂಬುದು ಅವರ ಖಾಯಂ ಉತ್ತರ.

ನಮ್ಮ ಹೋಟೆಲಿಗೆ ಬೆಳಿಗ್ಗೆ ಬರುವವರಲ್ಲಿ ಹೆಚ್ಚಿನವರು ವಜ್ರದ ಕೆಲಸದವರು. ಕೂದಲೆಳೆಗಿಂತ ಸಣ್ಣ ದೋಷವನ್ನು ಭೂತಗನ್ನಡಿಯಲ್ಲಿ ಹುಡುಕುವ ಕಣ್ಣು ಅವರದ್ದು. ಅವರಲ್ಲೊಬ್ಬರು ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, "ಭಾಭಿ, ಮಾಸಿಯ ಕಣ್ಣು ತೋರಿಸಿ. ಇವತ್ತು ಚಟ್ನಿಯನ್ನು ತಟ್ಟೆಯ ಹೊರಗೆ ಬಡಿಸಿದರು. ನಾನು ಮಾತಾಡುವ ತನಕ ನಾನು ಯಾರೆಂದು ಅವರಿಗೆ ಗೊತ್ತಾಗಲಿಲ್ಲ" ಎಂದರು. ನಾನು ಅದೇ ಮನೆಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ನನಗೆ ಕಂಡಿರಲಿಲ್ಲ. ನಾಚಿಕೆಯಾಯಿತು.

ಕರೆದರೆ ಬರುವವರಲ್ಲ. ನನ್ನ ಕಣ್ಣು ನೋಯುತ್ತಿದೆ ಎಂದು ಸುಳ್ಳು ಹೇಳಿದೆ. ತಕ್ಷಣ ಕ್ಯಾಲೆಂಡರು ಹರಿದುಕೊಂಡು ಹೊರಟರು. ಕೋಣೆಯೊಳಗೆ ಹೋದ ಮೇಲೆ ನಾನು ಅವರನ್ನೇ ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಡಾಕ್ಟರು ನಗುತ್ತಾ ಔಷಧಿ ಹಾಕಿದರು, ಆಮೇಲೆ ದೀಪ ಬಿಟ್ಟು ನೋಡಿದರು. ಬಲಗಣ್ಣಿನಲ್ಲಿ ಪೊರೆ ಬಲಿತಿತ್ತು. ಎಡಗಣ್ಣು ನೋಡುವಾಗ ಅವರ ನಗು ನಿಂತಿತು.

"ಮಾಸಿ, ಈ ಕಣ್ಣಲ್ಲಿ ಬೆಳಕೇ ಇಲ್ಲ. ಯಾವಾಗಿನಿಂದ?"

ಅತ್ತೆ ಗೋಡೆಯ ಕಡೆ ನೋಡುತ್ತಾ ಹೇಳಿದರು. "ಮದುವೆಯಾಗಿ ಬಂದ ವರ್ಷದಿಂದ. ಮೊದಲು ಮಿಂಚು ಮಿಂಚಿದ ಹಾಗೆ ಕಾಣ್ತಿತ್ತು. ಮತ್ತೆ ಬದಿಯಿಂದ ಕಪ್ಪು ಪರದೆ ಎಳೆದ ಹಾಗೆ ಬಂತು. ನಂಗೆ ಆಗ ಹಿಂದಿ ಬರ್ತಿರಲಿಲ್ಲ, ಗುಜರಾತಿ ಬರ್ತಿರಲಿಲ್ಲ. ಹೊಸ ಹುಡುಗಿ ಕಾಯಿಲೆ ಹೇಳಿಕೊಂಡ್ರೆ ಏನೆಣಿಸ್ತಾರೋ ಅಂತ ಯಾರಿಗೂ ಕೇಳ್ಲಿಲ್ಲ. ನಮ್ಮ ಯಜಮಾನ್ರಿಗೆ ಗೊತ್ತಾಗಿ ಕರ್ಕೊಂಡು ಹೋಗುವಾಗ ಎಲ್ಲ ಮುಗಿದಿತ್ತು. ಆ ಡಾಕ್ಟ್ರು ಒಂದೇ ಮಾತು ಹೇಳಿದ್ದು, ಮೊದಲೇ ಯಾಕೆ ಕೇಳ್ಲಿಲ್ಲ ಅಂತ."

ನಾನು ಎಂಥ ಪೆದ್ದಿ ಕೇಳಿ. ಅತ್ತೆ ಕಾಫಿ ಸುರಿಯುವ ಮೊದಲು ಎಡಗೈ ಬೆರಳಿನಿಂದ ಲೋಟದ ಅಂಚನ್ನು ಒಮ್ಮೆ ಮುಟ್ಟುತ್ತಿದ್ದರು. ಮೈಸೂರಿನಿಂದ ಬಂದ ಸೊಸೆ ನಾನು, ಇದು ಇವರ ಕಡೆಯ ಶಾಸ್ತ್ರ ಎಂದುಕೊಂಡು ಒಂಬತ್ತು ವರ್ಷದಿಂದ ಶ್ರದ್ಧೆಯಿಂದ ಲೋಟ ಮುಟ್ಟಿಯೇ ಕಾಫಿ ಸುರಿದಿದ್ದೇನೆ! ನನ್ನ ಮಗಳಿಗೂ ಕಲಿಸಿದ್ದೇನೆ. ಒಂದು ಕಣ್ಣಿನವರಿಗೆ ಲೋಟ ಎಷ್ಟು ದೂರದಲ್ಲಿದೆ ಎಂದು ತಿಳಿಯುವುದಿಲ್ಲವಂತೆ. ಡಾಕ್ಟರು ಹೇಳಿದ ಮೇಲೆ ತಿಳಿಯಿತು.

ಬಲಗಣ್ಣಿಗೆ ಆಪರೇಷನ್ ಆಗಲೇಬೇಕು, ಇನ್ನು ತಡಮಾಡಿದರೆ ಕಷ್ಟ ಹೆಚ್ಚು ಎಂದರು ಡಾಕ್ಟರು. "ಏನಾದರೂ ಕೇಳುವುದಿದೆಯಾ ಮಾಸಿ?"

ಅತ್ತೆ ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿದರು.

ಹೊರಗೆ ಬಂದು ಆಟೋ ಹತ್ತಿದೆವು. ಎರಡು ತಿರುವು ದಾಟಿರಬೇಕು, ಅತ್ತೆ ಮುಂದಕ್ಕೆ ಬಾಗಿ, ತೀರಾ ಸಣ್ಣ ದನಿಯಲ್ಲಿ ಆಟೋದವನನ್ನು ಕೇಳಿದರು: "ಭಾಯ್, ಆಂಖ್ ಕೆ ಆಪರೇಷನ್ ಮೇಂ ಕಭೀ ಬಿಗಡ್ ಭೀ ಜಾತಾ ಹೈ ಕ್ಯಾ?"

ಆಪರೇಷನ್ನಿನಲ್ಲಿ ಕಣ್ಣು ಕೆಟ್ಟುಹೋಗುವುದೂ ಉಂಟಾ ಎಂದು ಆಟೋದವನನ್ನು ಕೇಳುತ್ತಿದ್ದವರು ನಮ್ಮತ್ತೆ! ಆಟೋದವನು ಬಾಯಿ ತೆರೆಯುವ ಮೊದಲೇ ಗಾಡಿ ಹಿಂದಕ್ಕೆ ತಿರುಗಿಸು ಎಂದೆ. ಅತ್ತೆಯ ಕೈ ಹಿಡಿದು ಮತ್ತೆ ಡಾಕ್ಟರ ಎದುರು ಕೂತೆ. ಈ ಪ್ರಶ್ನೆಗಳು ಯಾವ ಕ್ಯಾಲೆಂಡರಿನ ಬೆನ್ನಿನಲ್ಲೂ ಇರಲಿಲ್ಲ.

"ಡಾಕ್ಟ್ರೇ, ನನಗೆ ತುಂಬಾ ಭಯವಾಗುತ್ತಿದೆ," ಎಂದೆ. "ನನಗೆ ಇರುವುದು ಒಂದೇ ಕಣ್ಣು. ಅದೂ ಹೋದರೆ ಏನು ಮಾಡಲಿ? ಅದಕ್ಕೆ ಪಟ್ಟಿ ಕಟ್ಟಿದರೆ ಬಚ್ಚಲಿಗೆ ಹೋಗುವುದಕ್ಕೂ ಯಾರನ್ನೋ ಕೂಗಬೇಕಲ್ಲ? ಯಾರಿಗೂ ಭಾರವಾಗದೆ ಬದುಕಿದವಳು ನಾನು."

ನನ್ನ ಕೈಯೊಳಗಿದ್ದ ಅತ್ತೆಯ ಕೈ ಬಿಗಿಯಾಯಿತು. ಡಾಕ್ಟರು ನನ್ನ ಮುಖವನ್ನೇ ನೋಡುತ್ತಾ ಉತ್ತರ ಹೇಳಿದರು. ಅವರಿಗೆ ಎಲ್ಲ ಅರ್ಥವಾಗಿತ್ತು, ಬಹುಶಃ ಆ ಇಸಬ್‌ಗೋಲ್ ಡಬ್ಬದ ಕಾಲದಿಂದಲೂ ಅರ್ಥವಾಗಿತ್ತು. ಅಪಾಯವೇ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ, ತುಂಬಾ ಕಡಿಮೆ ಎಂದರು. ಕಣ್ಣಿನ ಹಿಂಬದಿಯ ಪರದೆಯನ್ನು ಪೂರ್ತಿ ಪರೀಕ್ಷಿಸಿಯೇ ಮುಟ್ಟುತ್ತೇನೆ, ಸೂಜಿ ಚುಚ್ಚುವುದಿಲ್ಲ, ಹನಿ ಔಷಧಿಯಲ್ಲೇ ಆಗುತ್ತದೆ, ಪಟ್ಟಿಯ ಬದಲು ಆಚೆ ಕಾಣುವಂಥ ಮುಚ್ಚಳ ಅಂಟಿಸುತ್ತೇನೆ ಎಂದರು. "ನಿಮಗೆ ಬೇರೆ ಏನಾದರೂ ಕೇಳುವುದಿದ್ದರೆ ಕೇಳಿ ಬೆಹೆನ್" ಎಂದು ನನ್ನನ್ನೇ ಕೇಳಿದರು. ನಾನು ತೋಚಿದ್ದೆಲ್ಲ ಕೇಳಿದೆ. ಅತ್ತೆ ಫ್ಯಾನು ನೋಡುತ್ತಾ ಕೂತಿದ್ದರು.

ಆಪರೇಷನ್ ಆದ ಮರುದಿನ ಬೆಳಿಗ್ಗೆ ಮುಚ್ಚಳ ತೆಗೆದರು. ನಾನು ಉಗುರು ಕಚ್ಚುತ್ತಾ ಬಾಗಿಲ ಹತ್ತಿರ ನಿಂತಿದ್ದೆ. ಅತ್ತೆ ಎರಡು ಸಲ ರೆಪ್ಪೆ ಬಡಿದು ಡಾಕ್ಟರ ಕಡೆ ನೋಡಿದರು.

"ನಿಮಗೆ ಇಷ್ಟು ಬಿಳಿ ಕೂದಲು ಯಾವಾಗ ಬಂತು? ನನ್ನ ಪ್ರಶ್ನೆಯಿಂದಲಾ?"

ಡಾಕ್ಟರು ಜೋರಾಗಿ ನಕ್ಕರು. ಅತ್ತೆ ನಗಲಿಲ್ಲ. ಗೋಡೆಯ ಮೇಲಿನ ಅಕ್ಷರದ ಪಟ್ಟಿಯ ಕೊನೆಯ ಸಾಲಿನವರೆಗೂ ನೋಡಿದರು, ಕಿಟಕಿ ನೋಡಿದರು, ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಡಾಕ್ಟರ ಕಡೆ ತಿರುಗಿ ಕೇಳಿದರು.

"ಡಾಕ್ಟ್ರೇ, ನಾನು ಈಗ ಅಳಬಹುದಾ? ಕಣ್ಣಿಗೆ ಏನೂ ಆಗುದಿಲ್ಲವಲ್ಲ?"

"ಅಳಿ ಮಾಸಿ. ಏನೂ ಆಗುವುದಿಲ್ಲ. ಉಜ್ಜಬೇಡಿ ಅಷ್ಟೆ."

ಅತ್ತೆ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಇಟ್ಟುಕೊಂಡು, ಕಣ್ಣು ಮುಟ್ಟದೆ ಅತ್ತರು. ಕೆನ್ನೆಯನ್ನು ನಾನು ಒರೆಸಿದೆ.