ಸಾಹೇಬರ ಫ್ಲೆಕ್ಸು

ತಪ್ಪೆಲ್ಲ ಒಂದು ಸುಗಂಧರಾಜದ ಹಾರದ್ದು. ಎರಡು ವರ್ಷದ ಹಿಂದೆ ಶಾಂತಮಲ್ಲಪ್ಪ ಚಾಮರಾಜನಗರದ ಬೀಜದ ಗೋದಾಮಿನಿಂದ ನಿವೃತ್ತನಾದ ದಿನ, ಹಳೆಯ ಮ್ಯಾನೇಜರ್ ಮಹದೇವಪ್ರಸಾದ್ ಗುಂಡ್ಲುಪೇಟೆಯಿಂದ ಬಂದು ತಾವೇ ಅವನಿಗೆ ಹಾರ ಹಾಕಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಆ ಫೋಟೋ ಅವನ ಮೊಬೈಲಿನಲ್ಲಿತ್ತು.

ಮೊನ್ನೆ ಸಾಹೇಬರು ತೀರಿಕೊಂಡರು. ಶಾಂತಮಲ್ಲಪ್ಪನ ತಾಯಿ ಆಸ್ಪತ್ರೆಯಲ್ಲಿದ್ದಾಗ ಇಪ್ಪತ್ತು ದಿನ ಊಟದ ಕ್ಯಾರಿಯರ್ ಹೊತ್ತು ತಂದ ಮನುಷ್ಯ. ಅವರಿಗೆ ಒಂದು ಒಳ್ಳೆಯ ಶ್ರದ್ಧಾಂಜಲಿ ಫ್ಲೆಕ್ಸಾದರೂ ನನ್ನ ಕೈಯಿಂದಲೇ ಆಗಲಿ ಎಂದು ಅವನು ಹಟ ಹಿಡಿದು ಆ ಕೆಲಸ ವಹಿಸಿಕೊಂಡ. ಗುಂಡ್ಲುಪೇಟೆಯ ಫ್ಲೆಕ್ಸ್ ಅಂಗಡಿಯ ರೇವಂತನಿಗೆ ಅದೇ ಫೋಟೋ ಕಳಿಸಿದ, ಸಾಹೇಬರ ಹೆಸರನ್ನೂ ಬರೆದ. ಇಬ್ಬರಲ್ಲಿ ಸತ್ತವರು ಯಾರೆಂದು ಮಾತ್ರ ಬರೆಯಲಿಲ್ಲ.

ಮರುದಿನ ಹತ್ತು ಗಂಟೆಯ ಶ್ರದ್ಧಾಂಜಲಿ ಸಭೆಗೆಂದು ಗುಂಡ್ಲುಪೇಟೆಯಲ್ಲಿ ಬಸ್ಸಿಳಿದರೆ, ಎದುರಿಗೆ ಬಾಗಿಲಿನಷ್ಟು ದೊಡ್ಡದಾಗಿ ಅವನದೇ ಮುಖ ಹಲ್ಲು ಬಿಡುತ್ತಿತ್ತು! ಕೆಳಗೆ ಸಾಹೇಬರ ಹೆಸರು.

"ರೇವಂತಾ, ಏನ್ ಮಾಡ್ಬುಟ್ಟೆಯಪ್ಪಾ!" ಎಂದು ಫೋನಿನಲ್ಲಿ ಕೂಗಿದ.

"ಹಾರ ಹಾಕ್ಕಂಡಿರೋರೇ ತಾನೇ ಅಣ್ಣ ಸತ್ತೋರು? ಬೇರೆ ಮಾಡ್ಕೊಡ್ತೀನಿ ಬುಡು. ಆದ್ರೆ ಈಗ ಕರೆಂಟಿಲ್ಲ, ಸಂಜೆಗೆ ಬತ್ತದೆ."

ಅಷ್ಟರಲ್ಲಿ ಹೆಂಡತಿ ಸುಧಾಮಣಿಯ ಫೋನು. "ರೀ, ಫ್ಲೆಕ್ಸು ವಾಟ್ಸಾಪಲ್ಲಿ ಬಂದದೆಯಂತೆ. ಪಕ್ಕದ್ಮನೆ ಯಶೋದಮ್ಮ ಫ್ಲಾಸ್ಕಲ್ಲಿ ಕಾಫಿ ತಕ್ಕಂಡು ಬಂದವ್ರೆ. ನಮ್ಮೋರು ಬದುಕವ್ರೆ ಅಂದ್ರೆ, ಪಾಪ ದುಃಖಕ್ಕೆ ಹಂಗಂತಾಳೆ ಅಂತ ನನ್ ತಲೆ ಸವರ್ತಾವ್ರೆ!"

ಶಾಂತಮಲ್ಲಪ್ಪ ಟೀ ಅಂಗಡಿಯ ಸ್ಟೂಲು ಎಳೆದು ಹತ್ತಿ, ಫ್ಲೆಕ್ಸಿನ ಹಗ್ಗಕ್ಕೆ ಕೈ ಹಾಕಿದ. ಆಟೋದವರು ಓಡಿ ಬಂದು ಸೊಂಟ ಹಿಡಿದು ಇಳಿಸಿದರು.

"ಸತ್ತೋರ ಫ್ಲೆಕ್ಸ್ ಕೀಳ್ತೀಯಲ್ಲ, ಮನ್ಸನಾ ನೀನು?"

"ಅಲ್ಲಿರೋದು ನಾನು ಕಣ್ರಪ್ಪಾ!"

"ಮುಖ ಯಾರ್ದಾದ್ರೇನ್ಲಾ? ಹೆಸ್ರು ಸಾಹೇಬ್ರುದು. ನಮ್ಗೆಲ್ಲ ಲೈಸೆನ್ಸ್ ಫಾರಂ ತುಂಬ್ಕೊಟ್ಟೋರು ಅವ್ರು. ಮುಟ್ಟಿದ್ರೆ ನೋಡು!" ಈ ಎಳೆದಾಟದಲ್ಲಿ ಅವನ ಅಂಗಿಯ ಜೇಬು ಹರಿಯಿತು.

ಆಗ ಸಭೆಗೆ ಹೊರಟಿದ್ದ ಸಾಹೇಬರ ಹೆಂಡತಿ ನಾಗರತ್ನ ಆಟೋದಿಂದ ಇಳಿದರು. ಶಾಂತಮಲ್ಲಪ್ಪ ಕೈಮುಗಿದು ನಿಂತ. ನಾಚಿಕೆಗೆ ಅವನ ಕಣ್ಣಲ್ಲಿ ನೀರೇ ಬಂತು. ನಾಗರತ್ನ ಫ್ಲೆಕ್ಸು ನೋಡಿದರು, ಅವನನ್ನು ನೋಡಿದರು, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೇಬಿಟ್ಟರು.

"ಸತ್ಮೇಲೆ ನನ್ ಮುಖ ಬೀದೀಲಿ ನೇತಾಕ್ಬೇಡಿ ಅಂತ ಅವ್ರು ನನ್ ಹತ್ರ ಭಾಷೆ ತಕ್ಕಂಡಿದ್ರು ಶಾಂತಮಲ್ಲಪ್ಪ. ಇಷ್ಟು ಪ್ರೀತಿಯಿಂದ ಮಾಡೋ ನಿಮ್ಗೆ ಬ್ಯಾಡ ಅಂತ ಎಂಗೇಳದು ಅಂತ ಒದ್ದಾಡ್ತಿದ್ದೆ. ಈಗ ಅವ್ರ ಮಾತೂ ಉಳೀತು, ನಿಮ್ ಆಸೇನೂ ತೀರ್ತು. ಹನ್ನೊಂದ್ ದಿನ ಇದೇ ಇರ್ಲಿ. ಅವ್ರಿಗೋಸ್ಕರ."

ಅವರ ಹೆಸರೆತ್ತಿದ ಮೇಲೆ ಅವನು ಇಲ್ಲವೆನ್ನುವುದು ಎಲ್ಲಿ ಬಂತು? "ಆಗ್ಲಿ ಅಮ್ಮಾವ್ರೇ" ಎಂದು ತಲೆಯಾಡಿಸಿದ.

ನಾಗರತ್ನ ಸಭೆಗೆ ನಡೆದರು. ಹಿಂದೆಯೇ ಹೊರಟವನನ್ನು ಹಂಗಳದ ಬಸ್ಸಿನಿಂದ ಇಳಿದ ಒಬ್ಬ ಅಜ್ಜಿ ತಡೆದಳು. ಮುಡಿಯಲ್ಲಿದ್ದ ಹೂ ತೆಗೆದು ಫ್ಲೆಕ್ಸಿನ ಕೆಳಗಿಟ್ಟು, "ಈವಯ್ಯ ಒಳ್ಳೆ ಮನ್ಸನಾ ಕಣಪ್ಪಾ?" ಎಂದು ಕೇಳಿದಳು.

ಬೆಳಗಿನಿಂದ ತಡೆದಿದ್ದ ದುಃಖ ಅವನಿಗೆ ಒಮ್ಮೆಲೇ ಉಕ್ಕಿತು. "ದೇವ್ರಂಥ ಮನ್ಸ ಕಣಜ್ಜಿ! ಕಷ್ಟ ಅಂದೋರ ಮನೆಗೆ ಕರೀದೇ ಇದ್ರೂ ಓಗೋರು. ಅಂಥೋರು ಇನ್ನೊಬ್ರು ಹುಟ್ಟಲ್ಲ!"

ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ಫ್ಲೆಕ್ಸು ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ನಿನ್ನ ನೀನೇ ಇಷ್ಟೊಂದು ಹೊಗಳ್ಕತೀಯಲ್ಲ, ನಾಚ್ಕೆ ಆಗಲ್ವೇನ್ಲಾ?" ಎಂದು, ಇಟ್ಟ ಹೂವನ್ನು ವಾಪಸ್ ಮುಡಿದುಕೊಂಡು ಹೊರಟುಹೋದಳು.