ದೊಡ್ಡಾಯಿಯ ಅಧ್ಯಕ್ಷಗಿರಿ

ನನ್ನ ದೊಡ್ಡಾಯಿಗೂ, ಅಂದರೆ ದೊಡ್ಡಪ್ಪನ ಹೆಂಡತಿಗೂ, ರಾಷ್ಟ್ರಪತಿ ಭವನಕ್ಕೂ ಹತ್ತಿರದ ಸಂಬಂಧವಿದೆ ಎಂದರೆ ನೀವು ನಗುತ್ತೀರಿ. ನಗಿ, ಆದರೆ ನಮ್ಮೂರು ತ್ಯಾಗಲಿಯ ಕಡೆ ಬಂದು ಮಾತ್ರ ನಗಬೇಡಿ! ದೇಶಕ್ಕೆ ಮೊದಲ ಬಾರಿ ಹೆಂಗಸೊಬ್ಬರು ರಾಷ್ಟ್ರಪತಿಯಾದ ದಿನ ಅವಳು ಊರಿಗೆಲ್ಲ ಪಾಯಸ ಹಂಚಿದ್ದಳು. ನಿಮಗೇನು ನೆಂಟರೇ ಎಂದು ಯಾರೋ ಕೇಳಿದ್ದಕ್ಕೆ ಹೌದೆಂದೇ ಹೇಳಿದ್ದಳಂತೆ.

ಅಂದಿನಿಂದ ಅವಳಿಗೆ ಎಲ್ಲಕ್ಕೂ ದಿಲ್ಲಿಯದೇ ಅಳತೆ. ಮದುವೆಮನೆಯಲ್ಲಿ ಗಂಡಸರ ಪಂಕ್ತಿ ಎದ್ದ ಮೇಲಲ್ಲವೇ ಹೆಂಗಸರ ಊಟ? ಶಿರಸಿಯ ಒಂದು ಮದುವೆಯಲ್ಲಿ ದೊಡ್ಡಾಯಿ ಮೊದಲ ಪಂಕ್ತಿಯಲ್ಲೇ, ವರನ ಅಪ್ಪನ ಪಕ್ಕ ಕೂತುಬಿಟ್ಟಳು. ಎಬ್ಬಿಸಲು ಬಂದವರನ್ನು, ರಾಷ್ಟ್ರಪತಿ ಊಟಕ್ಕೆ ಬಂದರೂ ಹೀಗೇ ಕಾಯಿಸುತ್ತೀರೋ ಎಂದು ಕೇಳಿದಳು. ಅವರು ಉತ್ತರ ಹುಡುಕುವಷ್ಟರಲ್ಲಿ ಅವಳು ಎರಡನೇ ಹೋಳಿಗೆಗೆ ಬಂದಿದ್ದಳು.

ಹೋದ ವರ್ಷ ಊರಿನ ಹಾಲು ಸಂಘಕ್ಕೆ ಚುನಾವಣೆ ಬಂತು. ಎಮ್ಮೆ ಕರೆಯುವವರು, ಹಾಲು ಹೊತ್ತು ತರುವವರು ಹೆಂಗಸರು. ಸದಸ್ಯರು ಮಾತ್ರ ಗಂಡಂದಿರು! ದೊಡ್ಡಾಯಿ ಮೊದಲೇ ಮನೆಮನೆ ತಿರುಗಿ ಹೆಂಗಸರನ್ನೆಲ್ಲ ಸದಸ್ಯರನ್ನಾಗಿ ಮಾಡಿಟ್ಟಿದ್ದಳು. ಅವಳು ಅಧ್ಯಕ್ಷ ಸ್ಥಾನಕ್ಕೆ ನಿಂತಾಗ, ಹೆಂಗಸರಿಗೆ ಸಂಘದ ಕೆಲಸ ತಿಳಿಯದು ಎಂದರು ಹಳೆಯ ಅಧ್ಯಕ್ಷರು, ತುಂಬಿದ ಸಭೆಯಲ್ಲಿ.

"ದೇಶಕ್ಕೇ ಹೆಂಗಸು ಅಕ್ಕು, ಹಾಲು ಸಂಘಕ್ಕೆ ಆಗ್ತಿಲ್ಯಾ?" ಎಂದಳು ದೊಡ್ಡಾಯಿ. "ಬನ್ನಿ, ನಮ್ಮನೆ ಎಮ್ಮೆ ಕರ್ದು ತೋರ್ಸಿ. ಆನು ಅರ್ಜಿ ವಾಪಸ್ ತಗತ್ತೆ."

ಅವರು ಪಂಚೆ ಎತ್ತಿ ಕಟ್ಟಿ ಹೊರಟೇಬಿಟ್ಟರು. ಸಭೆಯೂ ಹಿಂದೆಯೇ ಹೊರಟಿತು. ಎಮ್ಮೆ ಪಾಪ, ಒದೆಯಲಿಲ್ಲ. ಕತ್ತು ತಿರುಗಿಸಿ ಅವರನ್ನೊಮ್ಮೆ ನೋಡಿ, ಒಂದು ತೊಟ್ಟು ಹಾಲೂ ಇಳಿಸದೆ ನಿಂತಿತು, ಅಷ್ಟೇ. ಚುನಾವಣೆ ಕೊಟ್ಟಿಗೆಯಲ್ಲೇ ಮುಗಿಯಿತು. ಆಮೇಲೆ ವೋಟು ಹಾಕಿದ್ದು ಬರೀ ಶಾಸ್ತ್ರಕ್ಕೆ.

ದೊಡ್ಡಾಯಿ ಗೆದ್ದಳು. ಸಂಘದ ಗೋಡೆಯ ಮೇಲಿನ ಅಧ್ಯಕ್ಷರ ಪಟ್ಟಿಯಲ್ಲಿ ಅವಳ ಹೆಸರು ಬರೆಸಿದರು. ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ಸೊಸೆಯ ಹುಚ್ಚಾಟಕ್ಕೆಲ್ಲ ಗೊಣಗುತ್ತಲೇ ಬಂದವಳು, ತಾನೂ ನೋಡಬೇಕೆಂದು ಹಟ ಹಿಡಿದು ನನ್ನ ಜೊತೆ ಆಟೋದಲ್ಲಿ ಬಂದಳು. ಓದಲು ಬಾರದ ಅಜ್ಜಿ ಆ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಇಷ್ಟೂ ನಿನ್ನ ಹೆಸ್ರೇಯಾ?"

"ಹೌದು ಅತ್ತೆ. ಗಂಡನ ಹೆಸ್ರು ಹಾಕ್ಸಿದ್ನಿಲ್ಲೆ."

ಇನ್ನು ಬಯ್ಗುಳ ಬಿತ್ತು ಎಂದುಕೊಂಡೆ ನಾನು. ಅಜ್ಜಿ ಸೊಸೆಗೆ ಮೆಲ್ಲಗೆ ಹೇಳಿದಳು: "ಎನ್ನ ಹೆಸ್ರೂ ಒಂದ್ಸಲ ಬರಿ ಕೂಸೆ. ಹೆಂಗಿರ್ತು ನೋಡ್ತೆ."

ದೊಡ್ಡಾಯಿ ನೋಟೀಸಿನ ಕರಿಹಲಗೆ ಒರೆಸಿ, ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಳು. ಹಾಲು ತಂದ ಹೆಂಗಸರು ಕ್ಯಾನು ಕೆಳಗಿಟ್ಟು ನೋಡುತ್ತ ನಿಂತರು. ಮೂರು ದಿನ ಅದನ್ನು ಯಾರೂ ಅಳಿಸಲಿಲ್ಲ.